ಫುರ್ಟ್‌ವೆಂಗ್ಲರ್ ರೇಡಿಯೊ ಪೆಟ್ಟಿಗೆ, 1939–1945: 22 ಡಿಸ್ಕುಗಳಲ್ಲಿ ಏನಿದೆ, ಏನಿಲ್ಲ, ಹೇಗೆ ಕೇಳಬೇಕು

ಜರ್ಮನಿಯ ವಾದ್ಯವೃಂದ ನಿರ್ದೇಶಕ (ಕಂಡಕ್ಟರ್) ವಿಲ್‌ಹೆಲ್ಮ್ ಫುರ್ಟ್‌ವೆಂಗ್ಲರ್ ಯುದ್ಧದ ವರ್ಷಗಳಲ್ಲಿ ಬರ್ಲಿನ್ ಫಿಲ್‌ಹಾರ್ಮೋನಿಕ್ ಜೊತೆ ನಡೆಸಿದ ಕಛೇರಿಗಳ ರೇಡಿಯೊ ಧ್ವನಿಮುದ್ರಣಗಳನ್ನೆಲ್ಲ ಆ ವಾದ್ಯವೃಂದವೇ ತನ್ನ ಸ್ವಂತ ಲೇಬಲ್‌ನಲ್ಲಿ ಒಂದು ಪೆಟ್ಟಿಗೆಯಾಗಿ ತಂದಿದೆ. ಒಳಗೆ 22 ಹೈಬ್ರಿಡ್ ಎಸ್‌ಎಸಿಡಿ ಡಿಸ್ಕುಗಳು (ಸಾಮಾನ್ಯ ಸಿಡಿ ಪದರದ ಜೊತೆ ಹೆಚ್ಚು ವಿವರ ಹಿಡಿಸುವ ಇನ್ನೊಂದು ಪದರ ಇರುವಂಥವು), ಜೊತೆಗೆ ಪ್ರಬಂಧಗಳೂ ಚಿತ್ರಗಳೂ ಇರುವ ದಪ್ಪನೆಯ ಪುಸ್ತಕ. ಬೆಲೆ ಹೆಚ್ಚು. ಭಾರತಕ್ಕೆ ತರಿಸಿದರೆ ಸಾಗಣೆ, ಕಸ್ಟಮ್ಸ್ ಸುಂಕ ಸೇರಿ ಇನ್ನೂ ಏರುತ್ತದೆ. ಆದ್ದರಿಂದ ತೀರ್ಪನ್ನು ಮೊದಲೇ ಹೇಳಿಬಿಡುವುದು ನ್ಯಾಯ. ಪಾಶ್ಚಾತ್ಯ ವಾದ್ಯವೃಂದ ಸಂಗೀತಕ್ಕೆ ಈಗಷ್ಟೇ ಕಿವಿ ಕೊಡುತ್ತಿರುವವರಿಗೆ ಇದು ಮೊದಲ ಖರೀದಿ ಅಲ್ಲ. ಬೀಥೋವನ್, ಬ್ರಾಮ್ಸ್, ಬ್ರೂಕ್ನರ್ ಕೃತಿಗಳು ಒಂದು ಮಟ್ಟಿಗೆ ಪರಿಚಯವಿದ್ದು, ಅವುಗಳಲ್ಲಿ ಕಾಲವನ್ನು ಒಬ್ಬ ಮನುಷ್ಯ ಎಷ್ಟು ಹಿಗ್ಗಿಸಬಲ್ಲ, ಎಷ್ಟು ಕುಗ್ಗಿಸಬಲ್ಲ ಎಂದು ತಿಳಿಯಬೇಕೆನ್ನುವವರಿಗೆ ಇದಕ್ಕೆ ಸಾಟಿಯಾದ ಇನ್ನೊಂದು ಪೆಟ್ಟಿಗೆ ಇಲ್ಲ.

ಫುರ್ಟ್‌ವೆಂಗ್ಲರ್ 1886ರ ಜನವರಿ 25ರಂದು ಬರ್ಲಿನ್‌ನಲ್ಲಿ ಹುಟ್ಟಿದರು. ತಂದೆ ಅಡಾಲ್ಫ್ ಹೆಸರಾಂತ ಪುರಾತತ್ವಜ್ಞ, ತಾಯಿ ಚಿತ್ರಕಲಾವಿದೆ. ಬೆಳೆದದ್ದು ಮ್ಯೂನಿಕ್‌ನಲ್ಲಿ. 1906ರಲ್ಲಿ, ಇಪ್ಪತ್ತರ ವಯಸ್ಸಿಗೇ, ಅಲ್ಲಿನ ಕೈಮ್ ವಾದ್ಯವೃಂದದ ಮುಂದೆ ನಿಂತು ಬ್ರೂಕ್ನರ್‌ನ ಒಂಬತ್ತನೇ ಸಿಂಫನಿ ನುಡಿಸಿದರು. ಮೊದಲ ಕಛೇರಿಗೆ ಆ ಕೃತಿಯನ್ನು ಆರಿಸಿಕೊಳ್ಳಲು ಎದೆಗಾರಿಕೆ ಬೇಕು. ಅಲ್ಲಿಂದ ಸ್ಟ್ರಾಸ್‌ಬುರ್ಗ್, ಲ್ಯೂಬೆಕ್, ಮ್ಯಾನ್‌ಹೈಮ್ ಎಂದು ಒಂದೊಂದೇ ಮೆಟ್ಟಿಲು. 1922ರ ಜನವರಿಯಲ್ಲಿ ಆರ್ಥರ್ ನಿಕಿಶ್ ತೀರಿಕೊಂಡಾಗ ಅವರ ಎರಡೂ ಪೀಠಗಳು, ಅಂದರೆ ಲೈಪ್‌ಜಿಗ್‌ನ ಗೆವಾಂಡ್‌ಹೌಸ್ ಮತ್ತು ಬರ್ಲಿನ್ ಫಿಲ್‌ಹಾರ್ಮೋನಿಕ್, ಮೂವತ್ತಾರರ ಫುರ್ಟ್‌ವೆಂಗ್ಲರ್‌ಗೆ ಒಟ್ಟಿಗೆ ಬಂದವು. ಲೈಪ್‌ಜಿಗ್ 1928ರಲ್ಲಿ ಬಿಟ್ಟರು. ಬರ್ಲಿನ್‌ನ ನಂಟು 1954ರ ನವೆಂಬರ್ 30ರಂದು ಸಾಯುವವರೆಗೂ ಉಳಿಯಿತು, ನಡುವೆ ಎರಡು ಸಲ ಕಡಿದು ಮತ್ತೆ ಕೂಡಿಕೊಂಡರೂ.

ಇಷ್ಟು ದೊಡ್ಡ ಹೆಸರಿದ್ದರೂ ಗ್ರಾಮಫೋನ್ ತಟ್ಟೆಗಳ ಕಾಲದಲ್ಲಿ ಅವರ ಮುದ್ರಣಗಳು ಕಡಿಮೆ, ಇದ್ದವೂ ಅವರ ಕಲೆಯ ಅರ್ಧವನ್ನೇ ಹಿಡಿದವು. ಕಾರಣ ಸರಳ. ನಿಮಿಷಕ್ಕೆ 78 ಸುತ್ತು ತಿರುಗುವ 12 ಇಂಚಿನ ತಟ್ಟೆಯ ಒಂದು ಮಗ್ಗುಲಿಗೆ ಹಿಡಿಸುವುದು ನಾಲ್ಕು, ನಾಲ್ಕೂವರೆ ನಿಮಿಷ. ಸ್ಟುಡಿಯೋದಲ್ಲಿ ಅಷ್ಟು ನುಡಿಸಿ ನಿಲ್ಲಿಸಬೇಕು, ಮೇಣದ ಹೊಸ ತಟ್ಟೆ ಇಟ್ಟ ಮೇಲೆ ನಿಲ್ಲಿಸಿದಲ್ಲಿಂದ ಮತ್ತೆ ಎತ್ತಿಕೊಳ್ಳಬೇಕು. ಒಂದೇ ಕಾಲಪ್ರಮಾಣ ಹಿಡಿದು ನಡೆಸುವ ನಿರ್ದೇಶಕನಿಗೆ ಇದರಿಂದ ತೊಂದರೆ ಕಡಿಮೆ. ಫುರ್ಟ್‌ವೆಂಗ್ಲರ್ ಹಾಗಲ್ಲ. ಅವರ ವೇಗ ಪ್ರತಿ ಹೆಜ್ಜೆಗೂ ಹಿಂದಿನ ಐದು ನಿಮಿಷದ ಮೇಲೆ ನಿಂತಿರುತ್ತದೆ. ಎರಡನೇ ರಾಗವಸ್ತುವಿಗೆ ಇಳಿಯುವ ಮುನ್ನ ಎಷ್ಟು ನಿಧಾನಿಸಿದರೋ, ಕೊನೆಯಲ್ಲಿ ಅಷ್ಟೇ ಸೆಳೆತದಿಂದ ಮುಂದಕ್ಕೆ ನುಗ್ಗುತ್ತಾರೆ. ಹಾಡುಗಾರನೊಬ್ಬ ರಾಗಾಲಾಪನೆ ಮಾಡುವಾಗ ನಾಲ್ಕು ನಿಮಿಷಕ್ಕೊಮ್ಮೆ ಬಾಯಿ ಮುಚ್ಚಿಸಿ, ಆಮೇಲೆ ಅದೇ ಸಂಚಾರದಿಂದ ಎತ್ತಿಕೋ ಎಂದರೆ ಏನಾದೀತು? 1926ರಲ್ಲಿ ಪಾಲಿಡೋರ್ ಕಂಪನಿಗೆ ಅವರು ನುಡಿಸಿದ ಬೀಥೋವನ್ ಐದನೇ ಸಿಂಫನಿಯಲ್ಲಿ ಆದದ್ದು ಅದೇ. ಎಚ್ಚರಿಕೆ ಕಾಣುತ್ತದೆ, ಹರಿವು ಕಾಣುವುದಿಲ್ಲ.

ಈ ಪೆಟ್ಟಿಗೆಯ ಬೆಲೆ ಇರುವುದು ಇಲ್ಲಿ. ಜರ್ಮನ್ ರೇಡಿಯೊ ಸಂಸ್ಥೆಯ ಬಳಿ ಆಗ ಎಇಜಿ ಕಂಪನಿಯ ಮ್ಯಾಗ್ನೆಟೋಫೋನ್ ಎಂಬ ಟೇಪ್ ಯಂತ್ರ ಇತ್ತು. ಟೇಪು ಸೆಕೆಂಡಿಗೆ 77 ಸೆಂಟಿಮೀಟರ್ ವೇಗದಲ್ಲಿ ಓಡುತ್ತಿತ್ತು. ಸಾವಿರ ಮೀಟರಿನ ಸುರುಳಿಗೆ ಲೆಕ್ಕ ಹಾಕಿದರೆ 21 ನಿಮಿಷಕ್ಕೆ ಸ್ವಲ್ಪ ಹೆಚ್ಚು. ಎರಡು ಯಂತ್ರ ಇದ್ದರೆ ಒಂದು ಸುರುಳಿ ಮುಗಿಯುವ ಮೊದಲೇ ಇನ್ನೊಂದನ್ನು ಚಾಲೂ ಮಾಡಿ ಇಡೀ ಕಛೇರಿಯನ್ನು ತಡೆಯಿಲ್ಲದೆ ಹಿಡಿಯಬಹುದು. ಮೊದಮೊದಲ ಮ್ಯಾಗ್ನೆಟೋಫೋನ್‌ಗಳಲ್ಲಿ ಸುಯ್ ಎನ್ನುವ ಸದ್ದು ವಿಪರೀತ ಇತ್ತು, ಏಕೆಂದರೆ ಟೇಪಿಗೆ ಕೊಡುತ್ತಿದ್ದ ಬಯಾಸ್, ಅಂದರೆ ಧ್ವನಿಯ ಜೊತೆ ಬೆರೆಸುವ ಸಹಾಯಕ ವಿದ್ಯುತ್ ಸಂಕೇತ, ನೇರ ವಿದ್ಯುತ್ತಿನದು. 1940ರಲ್ಲಿ ರೇಡಿಯೊದ ಎಂಜಿನಿಯರ್ ವಾಲ್ಟರ್ ವೆಬರ್ ಅದರ ಬದಲು ಅಧಿಕ ಆವೃತ್ತಿಯ ಬಯಾಸ್ ಕೊಟ್ಟರೆ ಆ ಸದ್ದು ಬಹುಪಾಲು ಅಡಗುತ್ತದೆಂದು ಕಂಡುಕೊಂಡರು. ಸುಮಾರು 10,000 ಹರ್ಟ್ಸ್‌ವರೆಗಿನ ನಾದ ಸ್ಪಷ್ಟವಾಗಿ ಟೇಪಿಗೆ ಬಂತು. ಅಂದಿನ ಅಮೆರಿಕ, ಇಂಗ್ಲೆಂಡುಗಳಲ್ಲಿ ಇದಕ್ಕೆ ಸಮನಾದ ಯಂತ್ರ ಇರಲಿಲ್ಲ. ಹೀಗಾಗಿ ಪೆಟ್ಟಿಗೆಯೊಳಗೆ ಧ್ವನಿಯ ಗುಣಮಟ್ಟ ಒಂದೇ ಸಮ ಇಲ್ಲ: ಆರಂಭದ ವರ್ಷಗಳವು ಕಡಿಮೆ, ಒರಟು; 1942ರಿಂದ 1944ರವರೆಗಿನವು ಆ ಕಾಲಕ್ಕೆ ಬೆರಗು ಹುಟ್ಟಿಸುವಷ್ಟು ತುಂಬು. ಕಛೇರಿಗಳಲ್ಲಿ ಧ್ವನಿಯ ಹೊಣೆ ಹೊತ್ತಿದ್ದವರು ಫ್ರೀಡ್ರಿಕ್ ಶ್ನಾಪ್. ಸ್ವರಲಿಪಿ ಬಲ್ಲ ಧ್ವನಿತಜ್ಞ, ಫುರ್ಟ್‌ವೆಂಗ್ಲರ್‌ಗೆ ನಂಬಿಕೆಯವರು.

1945ರಲ್ಲಿ ಬರ್ಲಿನ್ ಬಿದ್ದಾಗ ಮಸೂರೆನ್‌ಆಲೆಯ ರೇಡಿಯೊ ಭವನ ಸೋವಿಯತ್ ಸೇನೆಯ ಕೈ ಸೇರಿತು. ಟೇಪುಗಳು ಮಾಸ್ಕೋಗೆ ಹೋದವು. ಮುಂದೆ ಮೆಲೋಡಿಯಾ ಕಂಪನಿ ಅವುಗಳನ್ನು ಎಲ್‌ಪಿ ತಟ್ಟೆಗಳಾಗಿ ತಂದಾಗಲೇ ಹೊರಜಗತ್ತಿಗೆ ಗೊತ್ತಾದದ್ದು. 1987ರಲ್ಲಿ ಪ್ರತಿಗಳು, ಆಮೇಲೆ ಮೂಲ ಟೇಪುಗಳಲ್ಲಿ ಹಲವು ಬರ್ಲಿನ್‌ಗೆ ಮರಳಿದವು. ಈ ಇತಿಹಾಸ ಕೊಳ್ಳುವವನಿಗೆ ಯಾಕೆ ಬೇಕೆಂದರೆ, ಇಂದಿಗೂ ಇಂಟರ್‌ನೆಟ್‌ನಲ್ಲಿ, ಸ್ಟ್ರೀಮಿಂಗ್ ಆ್ಯಪ್‌ಗಳಲ್ಲಿ, ಅಗ್ಗದ ಸಿಡಿಗಳಲ್ಲಿ ಸಿಗುವ ಫುರ್ಟ್‌ವೆಂಗ್ಲರ್ ಯುದ್ಧಕಾಲದ ಮುದ್ರಣಗಳಲ್ಲಿ ಎಷ್ಟೋ ಆ ಹಳೆಯ ಸೋವಿಯತ್ ಎಲ್‌ಪಿಗಳಿಂದ ಇಳಿಸಿದವು. ಅವುಗಳ ಮುಖ್ಯ ದೋಷ ಶ್ರುತಿ. ತಟ್ಟೆಗೆ ಇಳಿಸುವಾಗ ಟೇಪು ತುಸು ವೇಗವಾಗಿ ಓಡಿದ್ದರಿಂದ ಸ್ವರವೂ ಏರಿದೆ, ಕಾಲವೂ ಓಡಿದೆ. ಕಾಲವೇ ಜೀವಾಳವಾದ ನಿರ್ದೇಶಕನಿಗೆ ಇದು ಸಣ್ಣ ತಪ್ಪಲ್ಲ.

ಪರೀಕ್ಷಿಸುವುದು ಸುಲಭ, ನಮ್ಮಲ್ಲಿ ಮನೆಮನೆಯಲ್ಲೂ ಇರುವ ಸಾಧನದಿಂದಲೇ ಆಗುತ್ತದೆ. ಫೋನಿನ ಶ್ರುತಿಪೆಟ್ಟಿಗೆ ಆ್ಯಪ್‌ನಲ್ಲಿ ಸಿ ಶ್ರುತಿ ಇಟ್ಟುಕೊಳ್ಳಿ. ಬೀಥೋವನ್ ಐದನೇ ಸಿಂಫನಿಯ ಕೊನೆಯ ಭಾಗ ಸಿ ಮೇಜರ್‌ನಲ್ಲಿದೆ, ಅಂದರೆ ಸಿ ಸ್ವರವೇ ಅದರ ಷಡ್ಜ. ಕಟ್ಟಕಡೆಗೆ ಇಡೀ ವಾದ್ಯವೃಂದ ಷಡ್ಜದ ಮೇಲೆ ಮತ್ತೆಮತ್ತೆ ಬಡಿಯುತ್ತದೆ. ಅಲ್ಲಿ ಶ್ರುತಿ ಹೊಂದಬೇಕು. ಕೂದಲೆಳೆಯಷ್ಟು ಹೆಚ್ಚಿದ್ದರೆ ಚಿಂತೆಯಿಲ್ಲ, ವಾದ್ಯವೃಂದಗಳ ಶ್ರುತಿಯೇ ಊರಿಂದ ಊರಿಗೆ ತುಸು ಬೇರೆ. ಅರ್ಧ ಸ್ವರದ ಹತ್ತಿರ ಏರಿದ್ದು ಕೇಳಿದರೆ ಆ ಪ್ರತಿ ಬಿಟ್ಟುಬಿಡಿ. ಇದೇ ಪರೀಕ್ಷೆಯನ್ನು ಒಂಬತ್ತನೇ ಸಿಂಫನಿಗೆ ಡಿ ಶ್ರುತಿಯಲ್ಲಿ ಮಾಡಬಹುದು. ಬರ್ಲಿನ್ ಪೆಟ್ಟಿಗೆ ಈ ವಿಷಯದಲ್ಲಿ ನಂಬಿಕೆಗೆ ಅರ್ಹ, ಹಣ ಕೊಡಲು ಇದೊಂದೇ ಕಾರಣ ಸಾಕು ಎನ್ನಬಹುದು.

ಇನ್ನು ಸಂಗೀತಕ್ಕೆ ಬರೋಣ. ಒಂದೇ ಒಂದು ಮುದ್ರಣ ಕೇಳಲು ಸಮಯವಿದ್ದರೆ 1942ರ ಮಾರ್ಚ್‌ನ ಬೀಥೋವನ್ ಒಂಬತ್ತನೇ ಸಿಂಫನಿ ಕೇಳಿ. ಗಾಯಕರು ಟಿಲ್ಲಾ ಬ್ರೀಮ್, ಎಲಿಜಬೆತ್ ಹ್ಯೋಂಗೆನ್, ಪೀಟರ್ ಆಂಡರ್ಸ್, ರುಡಾಲ್ಫ್ ವಾಟ್ಸ್ಕೆ. ಗಾಯಕವೃಂದ ಬ್ರೂನೋ ಕಿಟ್ಟೆಲ್ ಅವರದು. ಮೊದಲ ಭಾಗ 17 ನಿಮಿಷದ ಮೇಲೆ ಹೋಗುತ್ತದೆ. ಶುರುವಿನಲ್ಲಿ ಎರಡನೇ ಪಿಟೀಲುಗಳೂ ಚೆಲ್ಲೋಗಳೂ ಪಿಸುಗುಟ್ಟುವಷ್ಟು ಮೆಲ್ಲಗೆ ಕಂಪಿಸುತ್ತವೆ, 17ನೇ ಬಾರ್‌ನಲ್ಲಿ (ಬಾರ್ ಎಂದರೆ ಸ್ವರಲಿಪಿಯ ಒಂದು ತಾಳದ ಮನೆ, ನಮ್ಮ ಆವರ್ತದಂತೆ) ಇಡೀ ವಾದ್ಯವೃಂದ ಒಟ್ಟಿಗೆ ಬೀಳುತ್ತದೆ. ಆದರೆ ನಿಜವಾದ ಆಘಾತ 301ನೇ ಬಾರ್‌ನಲ್ಲಿ, ಆರಂಭದ ವಸ್ತು ಮರಳುವ ಜಾಗದಲ್ಲಿ. ಗಡಿಯಾರದಲ್ಲಿ ಒಂಬತ್ತು, ಹತ್ತನೇ ನಿಮಿಷದ ಸುಮಾರು. ಮೆಲ್ಲಗೆ ಹುಟ್ಟಿದ್ದ ಆ ವಸ್ತು ಇಲ್ಲಿ ಪೂರ್ಣಶಕ್ತಿಯಲ್ಲಿ, ಡಿ ಮೇಜರ್‌ನಲ್ಲಿ ಬರುತ್ತದೆ, ಟಿಂಪನಿ ನಗಾರಿಗಳು ಮೂವತ್ತಕ್ಕೂ ಹೆಚ್ಚು ಬಾರ್‌ಗಳ ತನಕ ಗುಡುಗುತ್ತಲೇ ಇರುತ್ತವೆ. ಮೇಜರ್ ಸ್ವರಮೇಳ ಅಂದರೆ ಸಂತೋಷ ಎಂದು ಪಾಠ ಹೇಳುವವರು ಇದನ್ನು ಕೇಳಬೇಕು. ಇಷ್ಟು ಭಯಾನಕವಾದ ಮೇಜರ್ ಬೇರೆಲ್ಲೂ ಸಿಗದು. ಬೇರೆ ನಿರ್ದೇಶಕರಲ್ಲಿ ಇದು ರಚನೆಯ ಒಂದು ಮೈಲಿಗಲ್ಲು. ಇಲ್ಲಿ ಭೂಮಿ ಬಿರಿದ ಹಾಗೆ.

ಮೂರನೇ ಭಾಗ ಇದಕ್ಕೆ ಪೂರ್ತಿ ತಿರುವು. ನಿಧಾನಗತಿಯ ಈ ಅಡಾಜಿಯೊಗೆ ಬೀಥೋವನ್ ಬರೆದ ಮೆಟ್ರೊನೋಮ್ ಗುರುತು, ಅಂದರೆ ವೇಗದ ಅಳತೆ, ನಿಮಿಷಕ್ಕೆ 60 ಕಾಲುಸ್ವರ. ಅಕ್ಷರಶಃ ಹಾಗೆ ನುಡಿಸುವವರಲ್ಲಿ ಈ ಭಾಗ 11 ನಿಮಿಷದ ಆಸುಪಾಸಿನಲ್ಲಿ ಮುಗಿಯುತ್ತದೆ. ಫುರ್ಟ್‌ವೆಂಗ್ಲರ್ 20 ನಿಮಿಷ ತೆಗೆದುಕೊಳ್ಳುತ್ತಾರೆ. ಸ್ವರಲಿಪಿಗೆ ಇದು ಅನ್ಯಾಯ ಎಂಬ ಆಕ್ಷೇಪಕ್ಕೆ ಆಧಾರವಿದೆ, ತಳ್ಳಿಹಾಕಲಾಗದು. ಆದರೂ ಒಮ್ಮೆ ಕೂತು ಕೇಳಿ. ವಿಳಂಬ ಕಾಲದಲ್ಲಿ ಉಸಿರು ಕಳಚದಂತೆ ಪಿಟೀಲುಗಳ ಸಾಲನ್ನು ಹಿಡಿದಿಡುವುದು ಎಷ್ಟು ಕಷ್ಟ ಎಂಬುದು ವಿಳಂಬ ಖ್ಯಾಲ್ ಕೇಳಿ ಬೆಳೆದ ಕಿವಿಗೆ ತಾನಾಗಿ ಗೊತ್ತಾಗುತ್ತದೆ. ನಿಧಾನ ಎನ್ನುವುದು ಬರೀ ಕಡಿಮೆ ವೇಗವಲ್ಲ, ಪ್ರತಿ ಸ್ವರವೂ ಮುಂದಿನ ಸ್ವರದ ಕಡೆ ವಾಲಿಕೊಂಡಿರಬೇಕು. ವಾಲದಿದ್ದರೆ ಸಂಗೀತ ಸತ್ತುಹೋಗುತ್ತದೆ. ಇಲ್ಲಿ ಎಲ್ಲಿಯೂ ಸಾಯುವುದಿಲ್ಲ. ಕೊನೆಯ ಭಾಗದ ಮುಕ್ತಾಯ ಅತಿದ್ರುತ. ಗಾಯಕವೃಂದ ಮುಗಿಸಿದ ಮೇಲೆ ವಾದ್ಯಗಳು ಒಂದನ್ನೊಂದು ಹಿಂದಿಕ್ಕುವಂತೆ ಓಡಿ, ಸ್ವರಗಳು ಬಿಡಿಬಿಡಿಯಾಗಿ ಕೇಳುವುದೂ ನಿಂತುಹೋಗುತ್ತದೆ. ಅಲ್ಲಿ ಟೇಪೇ ತಡೆದುಕೊಳ್ಳಲಾರದೆ ಧ್ವನಿ ಒಡೆದಿದೆ. ಇದು ನಿಮ್ಮ ಸ್ಪೀಕರಿನ ತಪ್ಪಲ್ಲ, ರಿಪೇರಿಗೆ ಕೊಡಬೇಡಿ.

ಒಂದು ಗೊಂದಲವನ್ನು ಇಲ್ಲೇ ಬಿಡಿಸಬೇಕು. ಹಿಟ್ಲರ್‌ನ ಹುಟ್ಟುಹಬ್ಬದ ಮುನ್ನಾದಿನ, 1942ರ ಏಪ್ರಿಲ್ 19ರಂದು, ಫುರ್ಟ್‌ವೆಂಗ್ಲರ್ ಇದೇ ಸಿಂಫನಿ ನುಡಿಸಿದರು. ಮುಗಿದ ಮೇಲೆ ನಾಜಿ ಪ್ರಚಾರ ಸಚಿವ ಗೊಬೆಲ್ಸ್ ಬಂದು ಕೈಕುಲುಕುವ ಚಲನಚಿತ್ರದ ತುಣುಕು ಎಲ್ಲೆಡೆ ಸಿಗುತ್ತದೆ. ಮಾರ್ಚ್‌ನ ಕಛೇರಿ ಬೇರೆ, ಅದು ಬೇರೆ. ಆ ತುಣುಕಿನ ಜೊತೆ ಮಾರ್ಚ್‌ನ ಮುದ್ರಣವನ್ನು ಬೆರೆಸಿ ಮಾತಾಡುವುದು ಆಗಾಗ ಕಾಣುವ ತಪ್ಪು.

ಆದರೆ ದಿನಾಂಕ ಬೇರೆಯಾದ ಮಾತ್ರಕ್ಕೆ ಪ್ರಶ್ನೆ ಹೋಗುವುದಿಲ್ಲ. ಈ ಪೆಟ್ಟಿಗೆಯ ಪ್ರತಿ ಡಿಸ್ಕೂ ನಾಜಿ ಸರ್ಕಾರದ ರೇಡಿಯೊಗಾಗಿ ಆದದ್ದು. ವಾದ್ಯವೃಂದ 1934ರಿಂದ ಗೊಬೆಲ್ಸ್‌ನ ಪ್ರಚಾರ ಸಚಿವಾಲಯದ ಅಧೀನದಲ್ಲಿತ್ತು, ಅದರ ವಾದಕರಿಗೆ ಸೈನ್ಯಸೇವೆಯಿಂದ ವಿನಾಯಿತಿ ಇತ್ತು. ಮುಖ್ಯ ಪಿಟೀಲುವಾದಕ ಶಿಮೋನ್ ಗೋಲ್ಡ್‌ಬರ್ಗ್ ಸೇರಿದಂತೆ ಯಹೂದಿ ವಾದಕರು ಯುದ್ಧಕ್ಕೆ ಎಷ್ಟೋ ಮೊದಲೇ ಹೊರಹೋಗಬೇಕಾಯಿತು. ಫುರ್ಟ್‌ವೆಂಗ್ಲರ್ ನಾಜಿ ಪಕ್ಷ ಸೇರಲಿಲ್ಲ. 1933ರ ಏಪ್ರಿಲ್‌ನಲ್ಲಿ ಯಹೂದಿ ಕಲಾವಿದರ ಪರವಾಗಿ ಗೊಬೆಲ್ಸ್‌ಗೆ ಬಹಿರಂಗ ಪತ್ರ ಬರೆದರು. 1934ರ ನವೆಂಬರ್‌ನಲ್ಲಿ ಸಂಯೋಜಕ ಹಿಂಡೆಮಿತ್ ಪರವಾಗಿ ಪತ್ರಿಕೆಯಲ್ಲಿ ಲೇಖನ ಬರೆದು, ಡಿಸೆಂಬರ್‌ನಲ್ಲಿ ಹುದ್ದೆಗಳಿಗೆ ರಾಜೀನಾಮೆ ಕೊಟ್ಟರು. ಮರುವರ್ಷ ಏಪ್ರಿಲ್‌ನಲ್ಲಿ ಅದೇ ವಾದ್ಯವೃಂದದ ಮುಂದೆ ಮತ್ತೆ ನಿಂತರು, 1945ರ ಆರಂಭದವರೆಗೂ ದೇಶ ಬಿಡಲಿಲ್ಲ. 1946ರ ಡಿಸೆಂಬರ್‌ನಲ್ಲಿ ಬರ್ಲಿನ್‌ನಲ್ಲಿ ನಾಜಿ ನಂಟಿನ ಬಗ್ಗೆ ವಿಚಾರಣೆ ನಡೆದು ಖುಲಾಸೆಯಾಯಿತು; 1947ರ ಮೇ 25ರಂದು ಬರ್ಲಿನ್‌ನ ಟಿಟಾನಿಯಾ ಪಾಲಾಸ್ಟ್ ಸಭಾಂಗಣದಲ್ಲಿ ಅದೇ ವಾದ್ಯವೃಂದದ ಮುಂದೆ ವಾಪಸು ಬಂದರು. ಎರಡೂ ಕಡೆಯ ಸಂಗತಿಗಳು ದಾಖಲೆಯಲ್ಲಿವೆ. ಸಂಗೀತ ರಾಜಕೀಯದಿಂದ ಮೇಲಿನದು ಎಂದು ಅವರು ನಂಬಿದ್ದರು. ಆ ನಂಬಿಕೆಯನ್ನೇ ಆಳುವವರು ಬಳಸಿಕೊಂಡರು. 1942ರ ಒಂಬತ್ತನೇ ಸಿಂಫನಿಯಲ್ಲಿ ಮನುಷ್ಯರೆಲ್ಲ ಸಹೋದರರು ಎಂಬ ಸಾಲು ಹಾಡುವಾಗ ಈ ವಿವರಗಳು ಕೇಳುಗನ ಮನಸ್ಸಿನಲ್ಲಿ ಇರಬೇಕಾದದ್ದೇ. ಆದ್ದರಿಂದ ಪೆಟ್ಟಿಗೆಯ ಪುಸ್ತಕವನ್ನು ಬದಿಗಿಡದೆ, ಡಿಸ್ಕಿಗಿಂತ ಮೊದಲು ಓದಿ.

ಉಳಿದ ಡಿಸ್ಕುಗಳಲ್ಲಿ ಎಲ್ಲವೂ ಒಂದೇ ತೂಕದವಲ್ಲ. 1943ರ ಜೂನ್ ಕೊನೆಯ ಕಛೇರಿಗಳಲ್ಲಿ ಬೀಥೋವನ್‌ನ ಕೊರಿಯೋಲಾನ್ ಮುನ್ನುಡಿವಾದನ, ನಾಲ್ಕನೇ ಮತ್ತು ಐದನೇ ಸಿಂಫನಿಗಳಿವೆ. ಕೊರಿಯೋಲಾನ್‌ನ ಮೊದಲ ಸ್ವರಗಳನ್ನು ಕೇಳಿದರೆ ಫುರ್ಟ್‌ವೆಂಗ್ಲರ್ ಹಿಡಿದ ನಿರ್ದೇಶನದ ಕೋಲಿನ ಗುಟ್ಟು ಅರ್ಥವಾಗುತ್ತದೆ. ಅವರ ಕೋಲು ಸಮವನ್ನು ಚೂಪಾಗಿ ತೋರಿಸುತ್ತಿರಲಿಲ್ಲ, ನಡುಗುತ್ತಾ ಇಳಿಯುತ್ತಿತ್ತು. ಹಾಗಾಗಿ ದೊಡ್ಡ ಸ್ವರಮೇಳಗಳು ಕತ್ತರಿಸಿದಂತೆ ಬೀಳುವುದಿಲ್ಲ. ಡಬಲ್‌ಬಾಸ್, ಚೆಲ್ಲೋಗಳ ತಳದಿಂದ ಮೇಲಕ್ಕೆ ಉಬ್ಬಿ ಬರುತ್ತವೆ. ಇದನ್ನು ಒಗ್ಗಟ್ಟಿಲ್ಲದ ವಾದನ ಎಂದು ಬರೆದವರಿದ್ದಾರೆ. ಗಮನವಿಟ್ಟು ಕೇಳಿದರೆ ತಳಮಟ್ಟದ ನಾದ ಗಟ್ಟಿಯಾಗಿ ನಿಂತ ಮೇಲೆ ಉಳಿದದ್ದು ಅದರ ಮೇಲೆ ಕೂರುತ್ತದೆ, ತಂಬೂರಿಯ ಮಂದ್ರದ ಮೇಲೆ ಉಳಿದ ತಂತಿಗಳು ಕೂರುವ ಹಾಗೆ.

1943ರ ಡಿಸೆಂಬರ್‌ನ ಬ್ರಾಮ್ಸ್ ನಾಲ್ಕನೇ ಸಿಂಫನಿ ಇನ್ನೊಂದು ಶಿಖರ. ಮೊದಲ ಭಾಗ ಹಿಂಜರಿಯುತ್ತಾ ಹೆಜ್ಜೆ ಇಡುತ್ತದೆ, ಕೊನೆಯ ಎರಡು ನಿಮಿಷಗಳಲ್ಲಿ ಬಿಟ್ಟ ಬಾಣವಾಗುತ್ತದೆ. ಎಲ್ಲಿಂದ ವೇಗ ಏರಿತು ಎಂದು ಹಿಂದಕ್ಕೆ ಹೋಗಿ ಹುಡುಕಿದರೆ ಒಂದು ಜಾಗ ಬೆರಳಿಟ್ಟು ತೋರಿಸಲಾಗುವುದಿಲ್ಲ. ಅದೇ ವರ್ಷ ಅಕ್ಟೋಬರ್, ನವೆಂಬರ್ ನಡುವಿನ ಬೀಥೋವನ್ ಏಳನೇ ಸಿಂಫನಿ, ಕಾನ್ರಾಡ್ ಹಾನ್ಸನ್ ನುಡಿಸಿದ ನಾಲ್ಕನೇ ಪಿಯಾನೊ ಕಾನ್ಸರ್ಟೊ (ಒಂದು ವಾದ್ಯ ಮುಂದೆ, ವಾದ್ಯವೃಂದ ಜೊತೆಗೆ ಇರುವ ಕೃತಿ) ಇವನ್ನೂ ಬಿಡಬೇಡಿ. ಪಿಯಾನೊ ಕೃತಿಗಳಲ್ಲಿ ಎಡ್ವಿನ್ ಫಿಷರ್ ಜೊತೆಗಿನ 1942ರ ಬ್ರಾಮ್ಸ್ ಎರಡನೇ ಕಾನ್ಸರ್ಟೊದಲ್ಲಿ ಜಾರಿದ ಸ್ವರಗಳಿವೆ, ಎಣಿಸುವವರು ಎಣಿಸಲಿ. ಇಬ್ಬರೂ ಒಂದೇ ಉಸಿರಿನಲ್ಲಿ ಯೋಚಿಸುವುದು ಕೇಳುತ್ತದೆ. ಗೇಯೋರ್ಗ್ ಕುಲೆನ್‌ಕಾಂಫ್ ನುಡಿಸಿದ ಸಿಬೇಲಿಯಸ್ ಪಿಟೀಲು ಕಾನ್ಸರ್ಟೊದಲ್ಲಿ ಅಂಥ ಒಲುಮೆ ಕಡಿಮೆ. ವಾದ್ಯವೃಂದದೊಳಗಿನವರೇ ಮುಂದೆ ಬಂದು ನುಡಿಸಿದವೂ ಇವೆ: ಚೆಲ್ಲೋದ ಟಿಬೋರ್ ಡೆ ಮಾಹುಲಾ ಅವರ ಶೂಮನ್ ಕಾನ್ಸರ್ಟೊ, ಪಿಟೀಲಿನ ಎರಿಕ್ ರ್‍ಯೋನ್ ಅವರ ಬೀಥೋವನ್ ಕಾನ್ಸರ್ಟೊ. ಎರಡನೆಯದು 1944ರ ಜನವರಿಯದು. ಕಛೇರಿ ನಡೆದ ಬರ್ನ್‌ಬುರ್ಗರ್ ಬೀದಿಯ ಹಳೆಯ ಫಿಲ್‌ಹಾರ್ಮೋನಿ ಸಭಾಂಗಣ ಅದೇ ತಿಂಗಳ 30ರಂದು ಬಾಂಬ್ ದಾಳಿಗೆ ಸಿಕ್ಕಿ ನಾಶವಾಯಿತು.

ಸಭಾಂಗಣ ಹೋದದ್ದು ಕಿವಿಗೇ ಗೊತ್ತಾಗುತ್ತದೆ. 1944ರ ಫೆಬ್ರವರಿ, ಮಾರ್ಚ್ ಕಛೇರಿಗಳು ನಡೆದದ್ದು ಉಂಟರ್ ಡೆನ್ ಲಿಂಡೆನ್‌ನ ಒಪೆರಾ ಭವನದಲ್ಲಿ. ಹಳೆಯ ಸಭಾಂಗಣದ ತುಂಬು ಅನುರಣನ ಇಲ್ಲಿಲ್ಲ, ನಾದ ಒಣಗಿದೆ. ಬೀಥೋವನ್‌ನ ಪಾಸ್ಟೊರಲ್ (ಆರನೇ) ಸಿಂಫನಿಗೆ ಇದರಿಂದ ನಷ್ಟ, ರಾವೆಲ್‌ನ ಡಾಫ್ನಿಸ್ ಮತ್ತು ಕ್ಲೋಯೆಗೆ ಇನ್ನೂ ಹೆಚ್ಚು. 1944ರ ಅಕ್ಟೋಬರ್‌ನ ಬ್ರೂಕ್ನರ್ ಒಂಬತ್ತನೇ ಸಿಂಫನಿ ಮಾತ್ರ ಯಾವ ಕೊರತೆಯನ್ನೂ ನೆನಪಿಗೆ ತರುವುದಿಲ್ಲ. ಇಪ್ಪತ್ತರ ಹುಡುಗ ಮೊದಲ ಕಛೇರಿಯಲ್ಲಿ ನುಡಿಸಿದ ಕೃತಿಯನ್ನು ಐವತ್ತೆಂಟರ ನಿರ್ದೇಶಕ ಇಲ್ಲಿ ನುಡಿಸುತ್ತಿದ್ದಾರೆ.

ಪೆಟ್ಟಿಗೆಯ ಕೊನೆಯದು 1945ರ ಜನವರಿ 23ರ ಆಡ್ಮಿರಾಲ್ಸ್‌ಪಾಲಾಸ್ಟ್ ಕಛೇರಿ. ಮೊಜಾರ್ಟ್‌ನ ನಲವತ್ತನೇ ಸಿಂಫನಿಯ ನಡುವೆ ವಿದ್ಯುತ್ ಹೋಯಿತು. ವಿದ್ಯುತ್ ಬಂದ ಮೇಲೆ ಮೊಜಾರ್ಟ್ ಬಿಟ್ಟು ಬ್ರಾಮ್ಸ್‌ನ ಮೊದಲ ಸಿಂಫನಿ ಎತ್ತಿಕೊಂಡರು. ಅದರ ಕೊನೆಯ ಭಾಗವಷ್ಟೇ ಉಳಿದಿದೆ. ಕೆಲವೇ ದಿನಗಳಲ್ಲಿ ಅವರು ವಿಯೆನ್ನಾ ಮೂಲಕ ಸ್ವಿಟ್ಜರ್ಲೆಂಡಿಗೆ ದಾಟಿದರು.

ಹೀಗೆ ಅರ್ಧಂಬರ್ಧ ಉಳಿದವು ಇನ್ನೂ ಇವೆ. ಬ್ರೂಕ್ನರ್ ಆರನೇ ಸಿಂಫನಿಯ ಮೊದಲ ಭಾಗ ಕಳೆದುಹೋಗಿದೆ, ಎರಡರಿಂದ ನಾಲ್ಕರವರೆಗೆ ಮಾತ್ರ ಸಿಗುತ್ತದೆ. ಡಿಸ್ಕು ದೋಷದ್ದೆಂದು ವಾಪಸು ಕಳಿಸಬೇಡಿ. ಅದೇ ರೀತಿ ಪೆಟ್ಟಿಗೆಯಲ್ಲಿ ಏನಿಲ್ಲ ಎಂಬುದನ್ನೂ ಗಮನಿಸಿ. ಇದು ಬರ್ಲಿನ್ ವಾದ್ಯವೃಂದದ ಪೆಟ್ಟಿಗೆ. ಯುದ್ಧಕಾಲದ ಅತಿ ಹೆಸರಾದ ಎರೋಯಿಕಾ (ಬೀಥೋವನ್‌ನ ಮೂರನೇ ಸಿಂಫನಿ), ಅಂದರೆ 1944ರ ಡಿಸೆಂಬರ್‌ನದು, ವಿಯೆನ್ನಾ ಫಿಲ್‌ಹಾರ್ಮೋನಿಕ್ ಜೊತೆಗಿನದು; ಅದೇ ವರ್ಷದ ಬ್ರೂಕ್ನರ್ ಎಂಟನೆಯದೂ ಹಾಗೆಯೇ. ಅವೆರಡೂ ಇಲ್ಲಿಲ್ಲ, ಬೇರೆ ಕೊಳ್ಳಬೇಕು. ಯುದ್ಧಾನಂತರದ 1951ರ ಬೈರೋಯಿತ್ ಉತ್ಸವದ ಬೀಥೋವನ್ ಒಂಬತ್ತನೆಯದು, 1952ರ ಟ್ರಿಸ್ಟಾನ್ (ವಾಗ್ನರ್‌ನ ಒಪೆರಾ), 1953ರ ಶೂಮನ್ ನಾಲ್ಕನೆಯದು ಕೂಡ ಇಲ್ಲಿ ಇರಲಾರವು. ಇಎಂಐ, ಡಾಯ್ಚೆ ಗ್ರಾಮಫೋನ್ ಮುಂತಾದವಕ್ಕೆ ಅವರು ಸ್ಟುಡಿಯೋದಲ್ಲಿ ನುಡಿಸಿದ್ದು ಬೇಕಿದ್ದರೆ 2021ರಲ್ಲಿ ವಾರ್ನರ್ ತಂದ 55 ಸಿಡಿಗಳ ಪೆಟ್ಟಿಗೆ ನೋಡಿ. ಮೊದಲ ಖರೀದಿಗೆ ಶೂಮನ್ ನಾಲ್ಕನೇ ಸಿಂಫನಿಯ ಒಂದೇ ಡಿಸ್ಕು ಸಾಕು: ಸ್ಟುಡಿಯೋ ಧ್ವನಿ ಸ್ವಚ್ಛ, ಮೂರನೇ ಭಾಗದಿಂದ ನಾಲ್ಕಕ್ಕೆ ದಾಟುವ ಒಂದು ಉಬ್ಬರದಲ್ಲಿ ಅವರ ಇಡೀ ವಿದ್ಯೆ ಇದೆ.

ಕೇಳುವ ಕ್ರಮದ ಬಗ್ಗೆ ಕೆಲವು ಮಾತು. ಹೈಬ್ರಿಡ್ ಡಿಸ್ಕಾದ್ದರಿಂದ ಸಾಮಾನ್ಯ ಸಿಡಿ ಪ್ಲೇಯರಿನಲ್ಲಿ ಓಡುತ್ತದೆ. ಎಸ್‌ಎಸಿಡಿ ಪದರ ಬೇಕಿದ್ದರೆ ಅದಕ್ಕೆಂದೇ ಇರುವ ಪ್ಲೇಯರ್ ಬೇಕು. ಕಂಪ್ಯೂಟರ್ ಡ್ರೈವಿಗೆ ಸಿಡಿ ಪದರ ಮಾತ್ರ ಕಾಣುತ್ತದೆ. ಮೂಲವೇ 10,000 ಹರ್ಟ್ಸ್ ಸುಮಾರಿಗೆ ಮುಗಿಯುವುದರಿಂದ ಬರೀ ಈ ಪೆಟ್ಟಿಗೆಗಾಗಿ ಹೊಸ ಪ್ಲೇಯರ್ ಕೊಳ್ಳುವುದು ವ್ಯರ್ಥ, ಆ ಹಣ ಸ್ಪೀಕರಿಗೆ ಹಾಕಿ. ಎಲ್ಲವೂ ಮೋನೊ, ಅಂದರೆ ಎರಡೂ ಸ್ಪೀಕರಿನಲ್ಲಿ ಒಂದೇ ಧ್ವನಿ. ಎರಡು ಸ್ಪೀಕರುಗಳಿಗೆ ಸರಿಸಮ ದೂರದಲ್ಲಿ ಕೂತರೆ ವಾದ್ಯವೃಂದ ನಡುವೆ ಗಟ್ಟಿಯಾಗಿ ನಿಲ್ಲುತ್ತದೆ, ಬದಿಗೆ ಸರಿದರೆ ಕಲಸಿಹೋಗುತ್ತದೆ. ಆಂಪ್ಲಿಫೈಯರಿನಲ್ಲಿ ಮೋನೊ ಸ್ವಿಚ್ ಇದ್ದರೆ ಹಾಕಿ. ಟ್ರೆಬಲ್ ಏರಿಸಬೇಡಿ: ವಿವರ ಹೆಚ್ಚುವುದಿಲ್ಲ, ಸುಯ್ ಸದ್ದು ಮತ್ತು ಸಭಿಕರ ಕೆಮ್ಮು ಹೆಚ್ಚುತ್ತವೆ.

ವಾಲ್ಯೂಮನ್ನು ಆರಂಭದ ಮೆಲುದನಿಗೆ ಹೊಂದಿಸುವುದೇ ಎಲ್ಲರೂ ಮಾಡುವ ತಪ್ಪು. ಒಂಬತ್ತನೇ ಸಿಂಫನಿಗೆ ಮೊದಲು ಆ 301ನೇ ಬಾರ್‌ನ ಜಾಗಕ್ಕೆ ಹೋಗಿ, ಅಲ್ಲಿ ಕಿವಿಗೆ ತಡೆಯುವಷ್ಟು ಇಟ್ಟು, ಆಮೇಲೆ ಮೊದಲಿನಿಂದ ಕೇಳಿ. ಆಗ ಆರಂಭ ತೀರಾ ಮೆಲ್ಲಗೆ ಕೇಳಿಸುತ್ತದೆ, ಅದು ಹಾಗೇ ಇರಬೇಕು. ಸೀಲಿಂಗ್ ಫ್ಯಾನ್ ಆರಿಸಿ. ಅದರ ಸದ್ದಿನಡಿ ಮೊದಲ ಹದಿನಾರು ಬಾರ್‌ಗಳು ಪೂರ್ತಿ ಮುಳುಗಿಹೋಗುತ್ತವೆ.

ಪೆಟ್ಟಿಗೆ ಕೊಳ್ಳಲಾಗದೆ ಸ್ಟ್ರೀಮಿಂಗ್‌ನಲ್ಲಿ ಕೇಳುವವರು ಹೆಸರು ನೋಡಿ ಒತ್ತಬಾರದು, ದಿನಾಂಕ ಮತ್ತು ವಾದ್ಯವೃಂದ ನೋಡಬೇಕು. ಬೀಥೋವನ್ ಐದನೆಯದನ್ನೇ ತೆಗೆದುಕೊಂಡರೆ 1926, 1937, 1943, 1947, 1954ರ ಮುದ್ರಣಗಳಿವೆ, ಒಂದರಂತೆ ಇನ್ನೊಂದಿಲ್ಲ. ದಿನಾಂಕ ಹಾಕದ ಆಲ್ಬಂ ಆದರೆ ಮುಂದಕ್ಕೆ ಹೋಗಿ. ಆ್ಯಪ್‌ನ ಸೆಟ್ಟಿಂಗ್‌ನಲ್ಲಿ ಗ್ಯಾಪ್‌ಲೆಸ್ (ಭಾಗಗಳ ನಡುವೆ ಮೌನ ಬೀಳದ ಆಯ್ಕೆ) ಹಾಕಿಕೊಳ್ಳಿ. ಐದನೇ ಸಿಂಫನಿಯ ಮೂರನೇ ಭಾಗ ನಾಲ್ಕಕ್ಕೆ ತಡೆಯಿಲ್ಲದೆ ಹರಿಯುತ್ತದೆ. ಟಿಂಪನಿಯ ಮೆಲ್ಲನೆಯ ಬಡಿತದಿಂದ ಸಿ ಮೇಜರ್ ಸ್ಫೋಟದವರೆಗಿನ ಆ ಸೇತುವೆಯ ನಡುವೆ ಅರ್ಧ ಸೆಕೆಂಡಿನ ಮೌನ ಬಿದ್ದರೂ ಎಲ್ಲ ಕೆಟ್ಟಂತೆ. ಧ್ವನಿಮಟ್ಟ ಸಮಗೊಳಿಸುವ ಆಯ್ಕೆ ಇದ್ದರೆ ತೆಗೆದುಬಿಡಿ.

ಕನ್ನಡ ನಾಡಿಗೂ ಫುರ್ಟ್‌ವೆಂಗ್ಲರ್‌ಗೂ ಒಂದು ನಿಜವಾದ ಕೊಂಡಿ ಇದೆ, ಈ ಪೆಟ್ಟಿಗೆಯ ಹೊರಗೆ. 1950ರ ಮೇ 22ರಂದು ಲಂಡನ್ನಿನ ರಾಯಲ್ ಆಲ್ಬರ್ಟ್ ಹಾಲ್‌ನಲ್ಲಿ ರಿಚರ್ಡ್ ಸ್ಟ್ರಾಸ್‌ನ ಕೊನೆಯ ನಾಲ್ಕು ಹಾಡುಗಳನ್ನು ನಾರ್ವೆಯ ಗಾಯಕಿ ಕಿರ್ಸ್ಟನ್ ಫ್ಲಾಗ್‌ಸ್ಟಾಡ್ ಮೊದಲ ಬಾರಿಗೆ ಹಾಡಿದರು. ಫಿಲ್‌ಹಾರ್ಮೋನಿಯಾ ವಾದ್ಯವೃಂದವನ್ನು ನಡೆಸಿದವರು ಫುರ್ಟ್‌ವೆಂಗ್ಲರ್. ಆ ಕಛೇರಿಗೆ 4,800 ಡಾಲರಿನ ಖಾತರಿ ಕೊಟ್ಟವರು ಮೈಸೂರಿನ ಜಯಚಾಮರಾಜ ಒಡೆಯರ್; ಹಾಡುಗಳನ್ನು ಮುದ್ರಿಸಿ ತಮ್ಮ ಸಂಗ್ರಹಕ್ಕೆ ಮೈಸೂರಿಗೆ ಕಳಿಸಬೇಕೆಂಬುದು ಅವರ ಆಸೆ. ಸುಮಾರು 20,000 ತಟ್ಟೆಗಳಿದ್ದ ಸಂಗ್ರಹವದು. ಉಳಿದುಬಂದ ಮುದ್ರಣದ ಧ್ವನಿ ತೀರಾ ಸವೆದಿದೆ, ಬರ್ಲಿನ್ ಟೇಪುಗಳ ಹತ್ತಿರವೂ ಬಾರದು. ಕರಕರ ಸದ್ದಿನ ಆಚೆಗೆ ಫ್ಲಾಗ್‌ಸ್ಟಾಡ್ ದನಿ ಕೇಳುತ್ತದೆ, ಅದರ ಕೆಳಗೆ ವಾದ್ಯವೃಂದದ ಆ ತಳದಿಂದ ಉಬ್ಬುವ ನಾದವೂ. 1944ರ ಬ್ರೂಕ್ನರ್ ಕೇಳಿ ಮುಗಿಸಿದ ಕಿವಿಗೆ ಅದರ ಗುರುತು ಸಿಗುತ್ತದೆ.